ಭಾನುವಾರದ ಆಟ

ಭಾನುವಾರ ನಮ್ಮ ದ್ವೀಪದಲ್ಲಿ ಯಾರೂ ಗಾಲ್ಫ್ ಆಡುವುದಿಲ್ಲ.
ಗೇಟಿಗೆ ಬೀಗವಿಲ್ಲ; ಬೇಕಾಗಿಯೂ ಇಲ್ಲ.
ಮಗ್ಗ ನಿಲ್ಲುತ್ತದೆ, ದೋಣಿ ನಿಲ್ಲುತ್ತದೆ,
ಹಗ್ಗದ ಮೇಲೆ ಒಂದೇ ಒಂದು ಕಾಲುಚೀಲ ಒಣಗುತ್ತಿದ್ದರೂ
ಸೋಮವಾರ ಮೂರು ಮನೆಯವರು ಅದರ ಬಣ್ಣ ಹೇಳುತ್ತಾರೆ.

ಉಳಿದ ಆರು ದಿನ ನನ್ನವು.
ಒಂಬತ್ತು ಗುಳಿ, ನಲವತ್ತು ಕುರಿ, ಒಂದು ಕಡಲು.
ಶುಲ್ಕ ಹಾಕಲು ಬಿಸ್ಕತ್ತಿನ ಡಬ್ಬಿ, ಹಾರದಂತೆ ಮೇಲೊಂದು ಕಲ್ಲು.
ಹನ್ನೊಂದರ ವಯಸ್ಸಿನಲ್ಲಿ ನಾನು ಹಿಡಿದದ್ದು
ಚಿಕ್ಕಪ್ಪ ಮರ್ಡೋನ ಹಿಕರಿ ಮರದ ಕೋಲು,
ನನಗಿಂತ ಒಂದೆರಡು ಗೇಣು ಮಾತ್ರ ಗಿಡ್ಡ.
ಮೊದಲ ಹೊಡೆತ ಗಾಳಿಗೆ,
ಎರಡನೆಯದು ನೆಲಕ್ಕೆ,
ಮೂರನೆಯದು ಎಲ್ಲಿ ತಾಗಿತೆಂದು
ಈ ಎಂಬತ್ತೊಂದರಲ್ಲೂ ಅಂಗೈ ಮರೆತಿಲ್ಲ.

ಅಪ್ಪ ಟೋರ್ಮಾಡ್ ಚರ್ಚಿನ ಹಿರಿಯ.
"ಹೆಣ್ಣುಮಗುವಿಗೇಕೆ ಕೋಲು?" ಎಂದ.
"ಕುರಿ ಕಾಯುವ ಕೋಲು ಕೊಟ್ಟಾಗ ಕೇಳಲಿಲ್ಲವಲ್ಲ"
ಎಂದಳು ಅವ್ವ, ಹಿಟ್ಟು ನಾದುತ್ತ, ತಿರುಗಿಯೂ ನೋಡದೆ.

ಹಗಲು ಶೆಡ್ಡಿನಲ್ಲಿ ಟ್ವೀಡ್ ನೇಯುತ್ತಿದ್ದೆ.
ತುಳಿದಷ್ಟೂ ಲಾಳಿ ಅತ್ತ, ಲಾಳಿ ಇತ್ತ;
ನನ್ನ ಮಟ್ಟಿಗೆ ಅದು
ಹಿಂದಕ್ಕೆತ್ತಿದ ಕೋಲು, ಮುಂದಕ್ಕೆ ಬೀಸಿದ ಕೋಲು.
ಜೂನಿನಲ್ಲಿ ಇಲ್ಲಿ ರಾತ್ರಿ ಹತ್ತಕ್ಕೂ ಬೆಳಕು.
ತಟ್ಟೆ ತೊಳೆಯದೆ ಓಡಿದ ದಿನಗಳುಂಟು.
ಜೊತೆಗೆ ಎಫಿ, ಏಟು ಎಣಿಸುವಾಗ ಕೆಮ್ಮುವವಳು,
ಕೆಮ್ಮಿಗೆ ಒಂದರಂತೆ ಏಟು ಕಡಿಮೆ.
ಗಂಡ ಇವಾಂಡರ್ ಸಿಗಡಿ ಬುಟ್ಟಿಗಳವನು, ಒಂದು ದಿನವೂ ಆಡಲಿಲ್ಲ.
ಆರನೆಯ ಗುಳಿಯ ಹತ್ತಿರ ಗೋಡೆಯ ಮೇಲೆ ಕೂತು ಪೈಪು ಸೇದುತ್ತ
"ಗಾಳಿ ನೋಡಿ ಹೊಡಿ" ಎನ್ನುತ್ತಿದ್ದ.
ನಲವತ್ತು ವರ್ಷ ಅದೊಂದೇ ಉಪದೇಶ.
ಗಾಳಿಯನ್ನು ಹೇಗಯ್ಯಾ ನೋಡುವುದು ಎಂದರೆ
ಹುಲ್ಲನ್ನಲ್ಲ, ಕುರಿಯ ಕಿವಿಯನ್ನು ತೋರಿಸುತ್ತಿದ್ದ.

ಚೆನ್ನಾಗಿ ಆಡಿದೆನೇ? ಇಲ್ಲ.
ಎರಡನೆಯ ಬಹುಮಾನದ ಬೆಳ್ಳಿ ಚಮಚವೊಂದಿದೆ,
ಸಕ್ಕರೆ ಡಬ್ಬಿಗೆ ಅದನ್ನೇ ಹಾಕಿದ್ದೇನೆ.
ಗುರಿ ಇತ್ತು, ಗುಳಿ ಇತ್ತು,
ನಡುವೆ ಸದಾ ಒಂದು ಮೊಲದ ಬಿಲ.
ಒಂದೇ ಏಟಿಗೆ ಗುಳಿ ಸೇರಿಸಿದವಳಲ್ಲ ನಾನು.
ಈಗಂತೂ ಮಂಡಿ ಮೂರನೆಯದಕ್ಕೇ ಸಾಕೆನ್ನುತ್ತದೆ.

ಆದರೆ ಒಂದು ಭಾನುವಾರ,
ಅಪ್ಪ ತೀರಿಕೊಂಡ ವರ್ಷ, ಮಾರ್ಚಿನಲ್ಲಿ,
ಪ್ರಾರ್ಥನೆ ಮುಗಿಸಿ, ಕಪ್ಪು ಕೋಟಿನಲ್ಲೇ, ಬರಿಗೈಯಲ್ಲಿ
ಮೈದಾನದ ದಾರಿ ಹಿಡಿದೆ.
ನಡೆಯಬಾರದೆಂದು ಯಾರೂ ಹೇಳಿಲ್ಲವಲ್ಲ.
ಮೊದಲ ದಿಬ್ಬದ ಮೇಲೆ ನಿಂತೆ. ಕೈ ಜೇಬಿನಲ್ಲಿ.
ಜೇಬಿನೊಳಗೇ ಬೆರಳು ತಮ್ಮಷ್ಟಕ್ಕೆ ಹಿಡಿ ಕಟ್ಟಿದವು.
ಹೊಡೆದೆ.
ಯಾರೂ ನೋಡಲಿಲ್ಲ, ನೋಡಲು ಏನೂ ಇರಲಿಲ್ಲ.

ಲೆಕ್ಕದಲ್ಲಿ ಸುಳ್ಳಾಡಬಾರದೆಂದು ಕಲಿಸಿದವನು ಅಪ್ಪನೇ.
ಎರಡನೆಯದರಲ್ಲಿ ಚೆಂಡು ಮರಳಿಗೆ ಬಿತ್ತು,
ಆಚೆ ತರಲು ಹಿಡಿದ ಮೂರೂ ಏಟು ಬರೆದುಕೊಂಡೆ ಮನಸ್ಸಿನಲ್ಲಿ.
ನಾಲ್ಕನೆಯದರಲ್ಲಿ ಕುರಿಯೊಂದು ಅಡ್ಡ ಮಲಗಿತ್ತು, ಅದು ನಿಜದ ಕುರಿ,
ಏಳುವವರೆಗೆ ಕಾದೆ.
ಏಳನೆಯದು ಸಮಾಧಿಗಳ ಗೋಡೆಗೆ ಒತ್ತಿಕೊಂಡ ಗುಳಿ.
ಅಪ್ಪನ ಮೇಲಿನ ಮಣ್ಣು ಇನ್ನೂ ಉಬ್ಬಿಕೊಂಡೇ ಇತ್ತು.
ಕುರಿಯ ಕಿವಿ ನೋಡಿದೆ. ಎದುರು ಗಾಳಿ, ತುಸು ಎಡಕ್ಕೆ.
ಮೆಲ್ಲಗೆ ಬೀಸಿದೆ.
ಗೋಡೆಯಾಚೆ ಹೋಗುವಂತೆ ಹೋದ ಚೆಂಡು
ಮೇಲೆ ಮನಸ್ಸು ಬದಲಿಸಿ
ಇಳಿದು, ಒಮ್ಮೆ ಪುಟಿದು
ಇಲ್ಲವಾಯಿತು.

ಬಾವುಟದವರೆಗೆ ನಡೆದು ಗುಳಿಯೊಳಗೆ ಇಣುಕಿದೆ.
ಮಳೆನೀರು, ಒಂದು ಬಸವನಹುಳು.
ಆದರೂ ಬಾಗಿ ಕೈ ಹಾಕಿದೆ.
ಮನೆ ಮುಟ್ಟುವವರೆಗೂ ಒಂದು ತೋಳಿನ ಅಂಚು ಒದ್ದೆ.

ಇವಾಂಡರನಿಗೆ ಮಾತ್ರ ಹೇಳಿದೆ, ದೀಪ ಆರಿಸಿದ ಮೇಲೆ.
ತುಂಬ ಹೊತ್ತು ಸುಮ್ಮನಿದ್ದ.
"ಯಾವ ಕೋಲು?" ಎಂದ.
"ಎಂಟನೆಯ ನಂಬರಿನದು."
"ಆ ಗಾಳಿಗೆ ಏಳು ಬೇಕಿತ್ತು" ಎಂದು
ಮಗ್ಗುಲು ಬದಲಿಸಿದ.